5 ರೂಪಾಯಿ ರಬ್ಬರಿನಲ್ಲಿ ದಿನಕ್ಕೊಂದು ಅಚ್ಚು

[ದೃಶ್ಯ: ಈಳಿಗೆಮಣೆ. ಬೆಂಡೆಕಾಯಿಯನ್ನು ತೊಟ್ಟಿನ ಹತ್ತಿರ ಅಡ್ಡಕ್ಕೆ ಹೆಚ್ಚುವ ಕೈ.]

ನಮಸ್ಕಾರ. ಚಿಕ್ಕವರಿದ್ದಾಗ ಇದನ್ನು ನೀವೂ ಮಾಡಿರುತ್ತೀರಿ. ಬೆಂಡೆಕಾಯಿ ಅಡ್ಡ ಹೆಚ್ಚಿ, ಬಣ್ಣಕ್ಕೆ ಅದ್ದಿ, ಡ್ರಾಯಿಂಗ್ ಪುಸ್ತಕದ ಮೇಲೆ ಒತ್ತಿದರೆ ಐದೆಸಳಿನ ಹೂವು. ಹತ್ತು ಸಲ ಒತ್ತುವಷ್ಟರಲ್ಲಿ ಲೋಳೆ ಬಂದು ಬಣ್ಣ ಜಾರುತ್ತದೆ. ಸಂಜೆಗೆ ಅಚ್ಚೇ ಬಾಡಿಹೋಗುತ್ತದೆ. ಆ ಹೂವನ್ನು ಬೆಂಡೆಕಾಯಿ ತಾನೇ ಕೊಟ್ಟಿತ್ತು, ನಾವು ಸುಮ್ನೆ ಹೆಚ್ಚಿದ್ದು ಅಷ್ಟೇ. ಇವತ್ತು ಆಕಾರವನ್ನೂ ನಾವೇ ಕೆತ್ತೋಣ.

[ದೃಶ್ಯ: ಮೇಜಿನ ಮೇಲೆ ಬಿಳಿ ರಬ್ಬರ್, ಬಟರ್ ಪೇಪರ್, ಪೆನ್ಸಿಲ್, ಲಿನೋ ಕಟ್ಟರ್, ನೇರಳೆ ಸ್ಟಾಂಪ್ ಪ್ಯಾಡ್.]

ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, 5 ರೂಪಾಯಿಯದ್ದೇ ಸಾಕು. ಕೊರೆಯುವುದಕ್ಕೆ ಲಿನೋ ಕಟ್ಟರ್. ಬಾಯಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಇರುವ ಪುಟ್ಟ ಉಳಿ ಇದು. ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಸಿಗುವವರೆಗೆ ಪೇಪರ್ ಕಟ್ಟರ್ ನಡೆಯುತ್ತದೆ. ಸ್ಟಾಂಪ್ ಪ್ಯಾಡ್ ಆಫೀಸುಗಳ ಮೇಜಿನ ಮೇಲೆ ಇರುತ್ತದಲ್ಲ, ಅದೇ.

ಕೆತ್ತುವ ಮೊದಲು ಒಂದು ಮಾತು. ನಾನು ಮೊಟ್ಟಮೊದಲು ಕೆತ್ತಿದ್ದು 'ಅಮ್ಮ' ಅಂತ. ರಬ್ಬರಿನ ಮೇಲೆ ನೇರವಾಗಿ ಬರೆದು, ಒಂದು ಗಂಟೆ ಕೂತು ಕೊರೆದೆ. ಒತ್ತಿ ನೋಡಿದರೆ ಎಲ್ಲಾ ಉಲ್ಟಾ! ಮಕಾರದ ಒತ್ತು ಎಡಗಡೆ ನೇತಾಡುತ್ತಿತ್ತು. ಅಮ್ಮ ಏನೂ ಅನ್ನಲಿಲ್ಲ. ಹಾಳೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯಿಂದ ಓದಿಕೊಂಡರು.

[ದೃಶ್ಯ: ಬಟರ್ ಪೇಪರನ್ನು ಮಗುಚಿ ರಬ್ಬರಿನ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜುವುದು.]

ಈಗ ಹಾಗಾಗುವುದಿಲ್ಲ. ಬಟರ್ ಪೇಪರಿನ ಮೇಲೆ 6ಬಿ ಪೆನ್ಸಿಲಿನಲ್ಲಿ, ಅಂದರೆ ಮೆತ್ತನೆಯ ಕಡುಗಪ್ಪು ಪೆನ್ಸಿಲಿನಲ್ಲಿ, ದಟ್ಟವಾಗಿ, ಸರಿಯಾದ ದಿಕ್ಕಿನಲ್ಲೇ ಬರೆಯಿರಿ. ಅದನ್ನು ಮಗುಚಿ ರಬ್ಬರಿನ ಮೇಲಿಟ್ಟು, ಚಮಚದ ಬೆನ್ನಿನಿಂದ ಉಜ್ಜಿ. ಪೆನ್ಸಿಲಿನ ಕಪ್ಪು ರಬ್ಬರಿಗೆ ಉಲ್ಟಾ ಆಗಿ ಅಂಟುತ್ತದೆ. ಒತ್ತಿದಾಗ ಇನ್ನೊಮ್ಮೆ ಉಲ್ಟಾ ಆಗಿ ಸರಿಯಾಗುತ್ತದೆ.

[ದೃಶ್ಯ: ಸಿಂಧೂ ಕಣಿವೆಯ ಚೌಕ ಮುದ್ರೆ, ಪಕ್ಕದಲ್ಲಿ ಅದರ ಜೇಡಿಮಣ್ಣಿನ ಅಚ್ಚು.]

ಈ ಉಲ್ಟಾ ಲೆಕ್ಕ ಬಹಳ ಹಳೆಯದು. ಮೊಹೆಂಜೊದಾರೊದಲ್ಲಿ ಸಿಕ್ಕಿದ ಚೌಕ ಮುದ್ರೆಗಳನ್ನು ನೋಡಿ. 4000 ವರ್ಷಕ್ಕೂ ಹಿಂದಿನವು. ಹೆಚ್ಚಿನವು ನಮ್ಮ ರಬ್ಬರಿಗಿಂತ ದೊಡ್ಡವೇನಲ್ಲ. ಯಾವ ಕಲ್ಲು ಗೊತ್ತಾ? ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಗೋಡೆಗಳ ಕಲ್ಲನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ಕೆತ್ತುವಾಗ ಮೆತ್ತಗಿರುತ್ತದೆ. ಮುದ್ರೆ ಮಾಡುವವರು ಕೆತ್ತಿದ ಮೇಲೆ ಸುಟ್ಟು ಗಟ್ಟಿ ಮಾಡುತ್ತಿದ್ದರು.

ನನಗೆ ಮುದ್ರೆಗಿಂತ ಜಾಸ್ತಿ ಇಷ್ಟ ಗುಜರಾತಿನ ಲೋಥಲ್‌ನಲ್ಲಿ ಸಿಕ್ಕಿದ ಮಣ್ಣಿನ ಉಂಡೆಗಳು. ಸರಕಿನ ಗಂಟಿಗೆ ಹಸಿ ಮಣ್ಣು ಮೆತ್ತಿ ಅದರ ಮೇಲೆ ಮುದ್ರೆ ಒತ್ತಿದ್ದಾರೆ. ಮುಂದೆ ಮುದ್ರೆಯ ಗುರುತು. ಹಿಂದೆ ಬಟ್ಟೆಯ ನೇಯ್ಗೆ, ಹಗ್ಗದ ಹುರಿ ಮೂಡಿದೆ. ಬಟ್ಟೆ, ಹಗ್ಗ ಎಲ್ಲಾ ಹೋಗಿ ಅವುಗಳ ಅಚ್ಚು ಉಳಿದಿದೆ.

[ದೃಶ್ಯ: ತೀರಾ ಹತ್ತಿರದಿಂದ. ರಬ್ಬರಿನ ಪಕ್ಕ ಒಂದೆಲಗದ ಎಲೆ.]

ಸರಿ, ಕೆಲಸಕ್ಕೆ ಬರೋಣ. ಇವತ್ತು ಒಂದೆಲಗ. ತಂಬುಳಿಗೆ ತಂದದ್ದರಲ್ಲಿ ಒಂದು ಎಲೆ ಎತ್ತಿಟ್ಟುಕೊಂಡೆ. ಎಲ್ಲಾ ನರಗಳೂ ತೊಟ್ಟಿನ ಹತ್ತಿರದ ಒಂದೇ ಜಾಗದಿಂದ ಹೊರಟು ಬೀಸಣಿಗೆಯ ಹಾಗೆ ಹರಡುತ್ತವೆ. ವರ್ಷಗಟ್ಟಲೆ ತಿಂದಿದ್ದೇನೆ, ಕೆತ್ತಲು ಕೂತಾಗಲೇ ಇದು ಕಣ್ಣಿಗೆ ಬಿದ್ದದ್ದು.

ಕೊರೆದ ಜಾಗ ಹಾಳೆಯಲ್ಲಿ ಬಿಳಿ, ಉಳಿದ ಜಾಗ ಬಣ್ಣ. ಎಲೆಯ ಸುತ್ತಲಿನ ಜಾಗ ಕೊರೆದು, ಒಳಗೆ ನರಗಳನ್ನು ಮಾತ್ರ ಕೊರೆದರೆ ಬಣ್ಣದ ಎಲೆಯಲ್ಲಿ ಬಿಳಿ ಗೆರೆ. ಬಂಗಾಳದ ಚಿತ್ರಕಲಾವಿದ ನಂದಲಾಲ್ ಬೋಸ್ ಅವರು 1930ರಲ್ಲಿ ಲಿನೋಲಿಯಂ ಎಂಬ ನೆಲಹಾಸಿನ ಹಾಳೆಯಲ್ಲಿ ಕೆತ್ತಿದ ದಂಡಿ ಯಾತ್ರೆಯ ಗಾಂಧಿಯನ್ನು ನೆನಪಿಸಿಕೊಳ್ಳಿ. ಕಪ್ಪು ಹಿನ್ನೆಲೆ, ಕೋಲು ಹಿಡಿದು ನಡೆಯುವ ಬಿಳಿ ಗೆರೆಯ ಮನುಷ್ಯ. ನಮ್ಮದೂ ಅದೇ ದಾರಿ. ಹೊಸಬರಿಗೆ ಇದೇ ಸುಲಭ. ನರ ಉಳಿಸಿ ಸುತ್ತಲೂ ಕೊರೆಯಲು ಹೋದರೆ ತೆಳ್ಳನೆಯ ಗೆರೆ ತುಂಡಾಗುತ್ತದೆ. ಅದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ.

[ದೃಶ್ಯ: ಉಳಿ ನಿಂತಲ್ಲೇ ಇದೆ. ರಬ್ಬರ್ ನಿಧಾನವಾಗಿ ತಿರುಗುತ್ತಿದೆ. ಬಿಳಿ ಎಳೆ ಸುರುಳಿಯಾಗಿ ಏಳುತ್ತಿದೆ.]

ನನ್ನ ಬಲಗೈ ನೋಡಿ, ಅಲುಗುತ್ತಲೇ ಇಲ್ಲ. ತಿರುಗುತ್ತಿರುವುದು ರಬ್ಬರ್. ದುಂಡು ಗೆರೆ ಬರುವುದು ಹೀಗೆ. ಆಳಕ್ಕೆ ಇಳಿಸಬೇಡಿ, ತೆಂಗಿನಕಾಯಿ ತುರಿಯ ಎಳೆಯಷ್ಟು ಎದ್ದರೆ ಸಾಕು. ಅಂಚಿನಲ್ಲಿ ಉಳಿಯನ್ನು ಹೊರಕ್ಕೆ ವಾಲಿಸಿ. ಗುಡ್ಡದ ಹಾಗೆ ಬುಡ ಅಗಲ ಇರಬೇಕು. ಬುಡ ಸಣ್ಣಗಾದರೆ ಒತ್ತಿದಾಗ ಅಂಚು ಮಡಚಿಕೊಳ್ಳುತ್ತದೆ. ಎಡಗೈ ಯಾವತ್ತೂ ಉಳಿಯ ಮುಂದೆ ಬರಬಾರದು. ನನ್ನ ಹೆಬ್ಬೆರಳಿನ ಈ ಗೆರೆ ಹುಟ್ಟಿದಾಗಿನಿಂದ ಇದ್ದದ್ದಲ್ಲ!

[ದೃಶ್ಯ: ಅಚ್ಚಿನ ಮೇಲೆ ಪ್ಯಾಡನ್ನೇ ತಟ್ಟುವುದು. ಹಾಳೆಯ ಮೇಲೆ ಮೊದಲ ಎಲೆ.]

ಅಚ್ಚನ್ನು ಪ್ಯಾಡಿಗೆ ಒತ್ತಬೇಡಿ, ಇಂಕ್ ಗುಂಡಿಗಳಿಗೆಲ್ಲ ಇಳಿಯುತ್ತದೆ. ಅಚ್ಚನ್ನು ಕೆಳಗಿಟ್ಟು ಪ್ಯಾಡಿನಿಂದಲೇ ಮೆಲ್ಲಗೆ ತಟ್ಟಿ. ಹಾಳೆಯ ಕೆಳಗೆ ನಾಲ್ಕು ಮಡಿಕೆ ಪೇಪರ್ ಇರಲಿ. ಅಲುಗಾಡಿಸದೆ ನೇರ ಒತ್ತಿ, ನೇರ ಎತ್ತಿ.

ಎಲೆಯ ಸುತ್ತ ಸಣ್ಣ ಸಣ್ಣ ಗೀರು ಬಂದಿದೆ, ಕಾಣ್ತಿದೆಯಾ? ಸುತ್ತ ಕೊರೆದಾಗ ಉಳಿದ ದಿಬ್ಬಗಳು ಅವು. ಕೆಲವರು ಪೂರ್ತಿ ತೆಗೆದುಬಿಡುತ್ತಾರೆ. ನಾನು ಬಿಡುತ್ತೇನೆ. ಎಲೆ ಗಾಳಿಗೆ ಅಲುಗಿದ ಹಾಗಿರುತ್ತದೆ.

ದಿನಾ ಯಾಕೆ ಮಾಡಬೇಕು ಅಂತ ಕೇಳುತ್ತೀರಿ. ನಾನು ಮೊದಲು ಭಾನುವಾರ ಮಾತ್ರ ಮಾಡುತ್ತಿದ್ದೆ. ವಾರಕ್ಕೊಂದೇ ಆದ್ದರಿಂದ ಅದು ಚೆನ್ನಾಗಿರಲೇಬೇಕು ಅನ್ನಿಸುತ್ತಿತ್ತು. ಹಾಳಾದರೆ ಬೇಜಾರು. ಈಗ ರಾತ್ರಿ ಊಟ ಆದ ಮೇಲೆ 20 ನಿಮಿಷ. ಕೆಟ್ಟರೆ ಕೆಟ್ಟಿತು, ನಾಳೆ ಇನ್ನೊಂದಿದೆ. ಕೆತ್ತಲು ಮನಸ್ಸಿಲ್ಲದ ದಿನ ಹಳೆಯ ಅಚ್ಚು ತೆಗೆದು ಒತ್ತುತ್ತೇನೆ. ಅದೂ ಲೆಕ್ಕಕ್ಕೆ ಸೇರುತ್ತದೆ.

[ದೃಶ್ಯ: ಒಂದೇ ಎಲೆಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಒತ್ತುವುದು.]

ನೋಡಿ, ಒಂದೇ ಎಲೆ. ಕಾಲು ಸುತ್ತು ತಿರುಗಿಸಿ ಒತ್ತು, ಮತ್ತೆ ಕಾಲು ಸುತ್ತು. ನಾಲ್ಕು ತೊಟ್ಟುಗಳೂ ನಡುವೆ ಕೂಡಿದರೆ ರಂಗೋಲಿ. ತೊಟ್ಟು ಹೊರಗಿಟ್ಟರೆ ಬೇರೆಯೇ ಚಿತ್ತಾರ. ನಡುವೆ ಉಳಿದ ಬಿಳಿ ಜಾಗ ಚಕ್ಕುಲಿಯ ಹಾಗೆ ಕಾಣುತ್ತಿದೆ. ಅದನ್ನು ನಾನು ಕೆತ್ತಿರಲಿಲ್ಲ.

[ದೃಶ್ಯ: ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಅಂಟಿಕೊಂಡ ರಬ್ಬರುಗಳು.]

ಇದೊಂದು ಮರೆಯಬೇಡಿ. ಅಚ್ಚುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ. ಈ ಬಿಳಿ ರಬ್ಬರ್ ಹೆಚ್ಚಾಗಿ ಪಿವಿಸಿಯದ್ದು. ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಅದು ನಿಧಾನಕ್ಕೆ ಹೊರಬಂದು ಡಬ್ಬಿಯನ್ನೇ ಕರಗಿಸುತ್ತದೆ. ಹೊಸ ರಬ್ಬರಿಗೆ ಕಾಗದದ ತೋಳು ತೊಡಿಸಿರುತ್ತಾರಲ್ಲ, ಅದು ಬರೀ ಅಂದಕ್ಕಲ್ಲ. ನನ್ನ ಒಂದು ಡಬ್ಬಿ ಪೂರಾ ಹೀಗೇ ಹೋಯಿತು. ಈಗ ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಸಿಹಿ ತಿಂಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇನೆ.

[ದೃಶ್ಯ: ಒಂದೆಲಗದ ಅಚ್ಚನ್ನು ಮಗುಚಿದ ಕೈ. ಹಿಂಬದಿ ನುಣ್ಣಗೆ, ಬಿಳಿ.]

ಈ ರಬ್ಬರಿನ ಹಿಂದುಗಡೆ ಇನ್ನೂ ಖಾಲಿ ಇದೆ. ನಾಳೆ ಅಲ್ಲಿ ಬೆಂಡೆಕಾಯಿ ಹೂವು ಕೆತ್ತುತ್ತೇನೆ, ಈ ಸಲ ಆರು ಎಸಳು.