ಕೈಯಲ್ಲಿರುವ ಕೆಲಸ ಕಿತ್ತುಕೊಳ್ಳಬೇಡಿ

(ಮೇ 30, ವಿಶ್ವ ಎಂಎಸ್ ದಿನದಂದು ಚಿಕ್ಕಮಗಳೂರಿನಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ಮೋಡ ಕಟ್ಟಿದೆ, ಮೂಡಿಗೆರೆ ಕಡೆಯವರು ಬೇಗ ಹೊರಡಬೇಕು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಪೆಟ್ಟು ಕೊಡುವ ಕಾಯಿಲೆ. ಅದನ್ನು ಈ ಸಭೆಗೆ ಇನ್ನೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕೂತವರಲ್ಲಿ ಅರ್ಧ ಜನರ ಹೆಸರಲ್ಲಿ ಎಂಆರ್‌ಐ ಫೈಲ್ ಇದೆ, ಇನ್ನರ್ಧ ಜನ ಆ ಫೈಲ್ ಹಿಡಿದು ಬೆಂಗಳೂರಿಗೆ ಓಡಾಡಿದವರು. ನಾನು ಇವತ್ತು ಹೆಚ್ಚಾಗಿ ಮಾತಾಡುವುದು ಓಡಾಡಿದವರ ಜೊತೆ.

ಕಾಯಿಲೆ ಬಂದವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ.

ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತೀರಿ, ಗೊತ್ತು. "ನೀನು ಸುಮ್ನೆ ಕೂತ್ಕೋ, ನಾವಿದ್ದೀವಲ್ಲ" ಅನ್ನುತ್ತೀರಿ. ಮೊದಲು ನೀರಿನ ಕೊಡ ಹೋಗುತ್ತದೆ. ಆಮೇಲೆ ಸ್ಕೂಟರ್ ಕೀ, ಆಮೇಲೆ ಮದುವೆ ಮನೆಗೆ ಹೋಗುವುದು, ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕೂ ಬೇರೆಯವರ ಬೀರುವಿಗೆ. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಓದುವ, ದುಡಿಯುವ, ಮಕ್ಕಳನ್ನು ಬೆಳೆಸುವ ವಯಸ್ಸು ಅದು. ಅವಳನ್ನು ಕುರ್ಚಿಯಲ್ಲಿ ಕೂರಿಸಿಬಿಟ್ಟರೆ ಉಳಿದ ಆಯಸ್ಸೆಲ್ಲ ಅವಳು ಏನು ಮಾಡಬೇಕು, ಹೇಳಿ?

ನಮ್ಮ ಅತ್ತೆಯ ವಿಷಯ ಹೇಳಲೇಬೇಕು. ಎರಡನೇ ಸಾಲಲ್ಲಿ ಕೂತಿದ್ದಾರೆ, ಹೇಳು ಅಂತ ಅವರೇ ಒಪ್ಪಿದ್ದಾರೆ. ನನಗೂ ಎಂಎಸ್ ಇದೆ. ಅದಕ್ಕೆ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಡ್ರಿಪ್ ಮುಗಿಸಿಕೊಂಡು ಮನೆಗೆ ಬಂದ ಹೊಸದು. ಬಲಗೈ ಬೆರಳುಗಳ ಜೋಮು ಪೂರ್ತಿ ಹೋಗಿರಲಿಲ್ಲ. ಒಂದು ಸಂಜೆ ಸೌದೆ ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. ಹಿಟ್ಟಿನ ಗಂಟು ಒಡೆಯುವ ಹೊತ್ತಿಗೆ ಬಲಗಣ್ಣು ಮಂಜಾಯಿತು. ಪಾತ್ರೆ ಕಾಣುತ್ತದೆ, ಅದರ ಅಂಚು ಕಾಣುತ್ತಿಲ್ಲ. "ಅತ್ತೆ" ಅಂತ ಕೂಗಿದೆ. ಬಂದವರೇ ಕೈಯಿಂದ ಕೋಲು ಕಿತ್ತುಕೊಂಡರು. "ಇನ್ನು ನೀನು ಒಲೆ ಹತ್ರ ಬರಕೂಡದು ಕಣೇ." ತಣ್ಣೀರಲ್ಲಿ ಮುಖ ತೊಳೆದು ಹಿತ್ತಿಲ ಗಾಳಿಗೆ ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣು ಮೊದಲಿನ ಹಾಗೇ ಆಯಿತು.

ಡಾಕ್ಟರಿಗೆ ಫೋನ್ ಮಾಡಿದಾಗ ಸಮಾಧಾನವಾಗಿ ವಿವರಿಸಿದರು. ಊಟ್‌ಹಾಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮಯಲಿನ್ ಅನ್ನುವ ಆ ಹೊದಿಕೆ ಕಳೆದುಕೊಂಡ ನರಕ್ಕೆ ಮೈ ಬಿಸಿಯಾದರೆ ಆಗಿಬರುವುದಿಲ್ಲ. ಮೈ ತಣಿದರೆ ಸರಿಹೋಗುತ್ತದೆ, ಹೊಸದಾಗಿ ನರಕ್ಕೆ ಪೆಟ್ಟು ಬಿದ್ದಿರುವುದಿಲ್ಲ. ಜ್ವರ, ಸೋಂಕು ಏನೂ ಇಲ್ಲದೆ ಹೊಸ ತೊಂದರೆಯೊಂದು 24 ಗಂಟೆ ದಾಟಿ ನಿಂತರೆ ಆಗ ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳಿದ್ದು, ಇರಬಹುದು, ತಡಮಾಡದೆ ತೋರಿಸಬೇಕು. ಇದು ಮನೆಯವರೆಲ್ಲರಿಗೂ ಗೊತ್ತಿರಲಿ.

ಕಣ್ಣೇನೋ ವಾಪಸ್ ಬಂತು, ಅಡುಗೆಮನೆ ವಾಪಸ್ ಬರಲಿಲ್ಲ. ಟೀವಿ ರಿಮೋಟ್ ಕೈಗೆ ಕೊಟ್ಟು ನಡುಮನೆಯಲ್ಲಿ ಕೂರಿಸಿದರು. ಕೆಲವು ದಿನ ನೋಡಿದೆ. ಆಮೇಲೆ ಕೇಳಿದೆ: "ಅತ್ತೆ, ಮುದ್ದೆ ತಿರುವೋಕೆ ಒಲೆ ಬೇಕು. ಕಟ್ಟೋಕೆ ಬೇಡ ಅಲ್ವಾ?" ಅವರು ಏನೂ ಅನ್ನಲಿಲ್ಲ. ಮಾರನೇ ದಿನ ತಾವೇ ತಿರುವಿ, ಹಿಟ್ಟನ್ನು ಮರದ ಹಲಗೆ ಮೇಲೆ ಸುರಿದು ಜಗಲಿಗೆ ತಂದಿಟ್ಟರು. ಪಕ್ಕದಲ್ಲಿ ಬಟ್ಟಲು ತುಂಬ ತಣ್ಣೀರು. ಜೋಮು ಹಿಡಿದ ಬೆರಳಿಗೆ ಬಿಸಿ ತಿಳಿಯುವುದಿಲ್ಲ, ಸುಟ್ಟ ಮೇಲೇ ಗೊತ್ತಾಗುವುದು. ಅದಕ್ಕೆ ಎಡಗೈ ಇಟ್ಟು ಬಿಸಿ ನೋಡಿ, ಆಮೇಲೆ ಬಲಗೈ ಹಾಕುವುದು ಅಂತ ಅವರೇ ಕಟ್ಟುನಿಟ್ಟು ಮಾಡಿದರು. ಮೊದಲ ಮುದ್ದೆ ಒಂದು ಪಕ್ಕ ಚಪ್ಪಟೆ. ನಮ್ಮ ಮಾವ ಅದೇ ಬೇಕು ಅಂತ ಕೇಳಿ ಹಾಕಿಸಿಕೊಂಡರು. ಬಸ್ಸಾರು ನಿಲ್ಲೋಕೆ ಜಾಗ ಚೆನ್ನಾಗಿದೆ ಅಂದರು! ನಗಬೇಡಿ, ಅವತ್ತಿನಿಂದ ನಮ್ಮ ಮನೆಯಲ್ಲಿ ಮುದ್ದೆ ಕಟ್ಟುವುದು ನಾನೇ.

ಬಿಸಿಯನ್ನು ಅತ್ತೆ ತಗೊಂಡರು, ಕೆಲಸವನ್ನು ನನಗೇ ಬಿಟ್ಟರು. ಇದನ್ನು ನಿಮ್ಮ ನಿಮ್ಮ ಮನೆಯಲ್ಲಿ ಮಾಡಿ ಅಂತ ಕೇಳುತ್ತಿದ್ದೇನೆ. ಅಂಗಡಿಯಲ್ಲಿ, ಆಫೀಸಿನಲ್ಲಿ, ತೋಟದಲ್ಲೂ ಆಗುತ್ತದೆ. ಹಣ್ಣು ಕುಯ್ಯುವ ಕಾಲದಲ್ಲಿ ಬಿಸಿಲಲ್ಲಿ ಗಿಡದ ಸಾಲಿನಲ್ಲಿ ನಿಲ್ಲುವುದು ನನ್ನಿಂದ ಆಗದು. ಸಂಜೆ ತೂಕದ ಲೆಕ್ಕ ನಾನೇ ಬರೆಯುತ್ತೇನೆ. ಶಾಲೆಯಲ್ಲಿ ನನ್ನ ಗಣಿತದ ಪೀರಿಯಡ್‌ಗಳನ್ನು ಬೆಳಿಗ್ಗೆಗೆ ಹಾಕಿದ್ದಾರೆ, ತರಗತಿ ನೆಲಮಹಡಿಗೆ ಬಂದಿದೆ. ಮಧ್ಯಾಹ್ನ ಬರುವ ಆ ಸುಸ್ತು ಇದೆಯಲ್ಲ, ಅದು ಯಾರ ಕಣ್ಣಿಗೂ ಕಾಣುವುದಿಲ್ಲ. "ನೋಡೋಕೆ ಚೆನ್ನಾಗೇ ಇದೀಯಲ್ಲ" ಅನ್ನುತ್ತಾರೆ. ದಯವಿಟ್ಟು ಆ ಮಾತು ಆಡಬೇಡಿ. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು ಅದು, ಸೋಮಾರಿತನ ಅಲ್ಲ.

ಕಾನೂನೂ ನಮ್ಮ ಜೊತೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂಎಸ್ ಕೂಡ ಸೇರಿದೆ. ಸರ್ಕಾರಿ ನೌಕರಿಯಲ್ಲಿ ಇರುವಾಗ ಅಂಗವೈಕಲ್ಯ ಬಂದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗೂ ಇಲ್ಲ. ಸರ್ಕಾರವೇ ಕಿತ್ತುಕೊಳ್ಳಬಾರದು ಅಂತ ಬರೆದಿರುವಾಗ, ಮನೆಯವರು ಕಿತ್ತುಕೊಂಡರೆ ಹೇಗೆ?

"ವಿಶ್ರಾಂತಿ ತಗೊಳ್ಳಲಿ ಬಿಡಿ" ಅನ್ನುವವರಿಗೆ ಇನ್ನೊಂದು ಮಾತು. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು, ಮೈ ದಣಿಸಬೇಡಿ ಅಂತ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಎಂಎಸ್ ಇರುವವರಿಗೆ 15 ವಾರ ಕೈಕಾಲು ಎರಡಕ್ಕೂ ಪೆಡಲ್ ವ್ಯಾಯಾಮ ಮಾಡಿಸಿ ನೋಡಿದರು. ಮೈಯಲ್ಲಿ ಕಸುವು ಬಂತು, ಮನಸ್ಸಿನ ಕುಗ್ಗೂ ಕಡಿಮೆಯಾಯಿತು. ಈಗ ವ್ಯಾಯಾಮವೂ ಚಿಕಿತ್ಸೆಯ ಒಂದು ಭಾಗ. ನಮ್ಮೂರಲ್ಲಿ ಬೆಳಗಿನ ತಂಪು ಪುಕ್ಕಟೆ ಸಿಗುತ್ತದೆ, ಆ ಹೊತ್ತಲ್ಲಿ ನಡೆಯಿರಿ. ಎಷ್ಟು, ಹೇಗೆ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. ಕಾಯಿಲೆಯ ಓಟ ತಗ್ಗಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಈಗ ಮಾತ್ರೆ, ಇಂಜೆಕ್ಷನ್, ಡ್ರಿಪ್ ಎಲ್ಲ ಇವೆ. ಚೆನ್ನಾಗಿದ್ದೇನೆ ಅಂತ ನೀವೇ ನಿಲ್ಲಿಸಬೇಡಿ. ಇದು ಅಂಟುವ ಕಾಯಿಲೆ ಅಲ್ಲ. ಮದುವೆ, ಮಕ್ಕಳು ಎಲ್ಲ ಆಗುತ್ತದೆ. ಬಸುರಿಯಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳು, ರಿಲ್ಯಾಪ್ಸ್ ಕಡಿಮೆ. ಬಾಣಂತನದ ಮೊದಲ ತಿಂಗಳುಗಳಲ್ಲಿ ಎಚ್ಚರ ಬೇಕು. ಔಷಧಿ ವಿಷಯ ಮಾತ್ರ ಬಸುರಿಗೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಮುಗಿಸುವ ಮುಂಚೆ ಒಂದು ವಿಷಯ. ಊಟದ ಹೊತ್ತಲ್ಲಿ ಕಡೂರಿನ ಕಡೆಯ ತಂದೆಯೊಬ್ಬರು ಸಿಕ್ಕಿದ್ದರು. ಮಗಳನ್ನು ಬಿಕಾಂ ಎರಡನೇ ವರ್ಷದಲ್ಲಿ ಬಿಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದಾರಂತೆ. ಸಭೆಯಲ್ಲಿ ಹೇಳಬಹುದಾ ಅಂತ ಮಗಳನ್ನೇ ಕೇಳಿದೆ, ಹೇಳಿ ಮೇಡಂ ಅಂದಳು. ಅಣ್ಣಾ, ಅವಳನ್ನು ವಾಪಸ್ ಕಾಲೇಜಿಗೆ ಸೇರಿಸಿ. ಪ್ರಿನ್ಸಿಪಾಲರ ಹತ್ತಿರ ನೀವೂ ಹೋಗಿ, ಆದರೆ ಮಾತು ಅವಳು ಆಡಲಿ. ತರಗತಿ ಕೆಳಗಿನ ಮಹಡಿಯಲ್ಲಿ ಇರಲಿ ಅಂತ ಕೇಳಲಿ, ಪರೀಕ್ಷೆಗೆ ಹೆಚ್ಚಿನ ಸಮಯ ಬೇಕು ಅಂತ ಕೇಳಲಿ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಇವತ್ತೇ ಆನ್‌ಲೈನಲ್ಲಿ ಹಾಕೋಣ. ಕಾರ್ಯಕ್ರಮ ಮುಗಿದ ಮೇಲೆ ನಾನು ಬಾಗಿಲ ಪಕ್ಕದ ಮೇಜಿನ ಹತ್ತಿರ ಇರುತ್ತೇನೆ, ಇಬ್ಬರೂ ಬನ್ನಿ. ಕಾಲೇಜಿಗೆ ಕೊಡುವ ಅರ್ಜಿ ಅವಳೇ ಬರೆಯಲಿ.