ಹಳೇ ವಾಲ್ವ್ ಆಂಪ್ಲಿಫೈಯರ್‌ಗೆ ದುಡ್ಡು ಎಲ್ಲಿ ಹಾಕಬೇಕು?

ನಮಸ್ಕಾರ. ಇವತ್ತು ಒಂದೇ ಒಂದು ಆಂಪ್ಲಿಫೈಯರ್ ಹಿಡಿದು ಮಾತಾಡೋಣ. ಡೈನಕೊ ಸ್ಟೀರಿಯೊ 70. ಅಮೆರಿಕದಲ್ಲಿ ಡೇವಿಡ್ ಹ್ಯಾಫ್ಲರ್ ಅವರ ಕಂಪನಿ 1959ರಲ್ಲಿ ಹೊರತಂದದ್ದು. ಚಾನೆಲ್‌ಗೆ 35 ವ್ಯಾಟ್. ಒಳಗಿನ ವಾಲ್ವ್‌ಗಳು: ಔಟ್‌ಪುಟ್‌ಗೆ ನಾಲ್ಕು ಇಎಲ್34, ಅವಕ್ಕೆ ಸಿಗ್ನಲ್ ಕೊಡಲು ಎರಡು 7199, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಒಂದು ಜಿಜೆಡ್34. ಹೆಚ್ಚಿನವು ಕಿಟ್ ಆಗಿಯೇ ಮಾರಾಟವಾದವು. ಅಂದರೆ ನಿಮ್ಮ ಕೈಗೆ ಬಂದಿರುವುದನ್ನು ಅರವತ್ತು ವರ್ಷದ ಹಿಂದೆ ಯಾರೋ ಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಕಟ್ಟಿರಬಹುದು. ಪ್ರತಿ ಬೆಸುಗೆಯನ್ನೂ ಅನುಮಾನದಿಂದಲೇ ನೋಡಿ.

ಇದಕ್ಕೆ ಕೈ ಹಾಕುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಕಪ್ಲಿಂಗ್ ಕ್ಯಾಪಾಸಿಟರ್ ಹಾಕಿದರೆ ಸೌಂಡ್ ಚೆನ್ನಾಗಿರುತ್ತೆ?" (ಡಿಸಿ ತಡೆದು ಸಂಗೀತದ ಸಿಗ್ನಲ್ ಮಾತ್ರ ಮುಂದಿನ ವಾಲ್ವ್‌ಗೆ ಬಿಡುವ ಕ್ಯಾಪಾಸಿಟರ್ ಅದು.) ಆ ಪ್ರಶ್ನೆಯ ಸರದಿ ಕೊನೆಗೆ ಬರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಆಂಪ್ಲಿಫೈಯರ್‌ನ ಜೀವ ಇರುವುದು ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂತ ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ಉಳಿದದ್ದೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಆದ್ದರಿಂದ ನಿಮ್ಮ ದುಡ್ಡು, ನಿಮ್ಮ ಸಮಯ ಮೊದಲು ಹೋಗಬೇಕಾದದ್ದು ಆ ಟ್ರಾನ್ಸ್‌ಫಾರ್ಮರ್ ಸುಡದಂತೆ ನೋಡಿಕೊಳ್ಳುವ ಕೆಲಸಕ್ಕೆ.

ಮೊದಲು ನಿಮ್ಮ ಜೀವದ ಮಾತು. ಹಳೇ ವಾಲ್ವ್ ರೇಡಿಯೊ ಬಿಚ್ಚಿದವರಿಗೆ, ಅದರೊಳಗೆ ನಮ್ಮ ಜಾಲಹಳ್ಳಿಯ ಬಿಇಎಲ್ ವಾಲ್ವ್ ನೋಡಿದವರಿಗೆ, 250 ವೋಲ್ಟ್ ಡಿಸಿ ಹೊಸದಲ್ಲ. ಇಲ್ಲಿರುವುದು 430ರ ಆಸುಪಾಸು, ಅದೂ ದೊಡ್ಡ ಕ್ಯಾಪಾಸಿಟರ್‌ಗಳಲ್ಲಿ ತುಂಬಿಟ್ಟದ್ದು. ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತದೆ. 10 ಕಿಲೊಓಮ್, 10 ವ್ಯಾಟ್ ರೆಸಿಸ್ಟರ್ ಒಂದಕ್ಕೆ ಒಳ್ಳೆಯ ಇನ್ಸುಲೇಷನ್ ಇರುವ ಕ್ಲಿಪ್ ಕಟ್ಟಿಟ್ಟುಕೊಳ್ಳಿ. ಡಬ್ಬಿ ಕ್ಯಾಪಾಸಿಟರ್‌ನ ಪ್ರತಿ ಕಾಲಿಗೂ ಚಾಸಿಗೂ (ಸೆಟ್ಟಿನ ಲೋಹದ ಮೈಗೂ) ನಡುವೆ ಹತ್ತು ಸೆಕೆಂಡ್ ಹಿಡಿದು, ಆಮೇಲೆ ಮೀಟರ್‌ನಲ್ಲಿ ಅಳೆದು, 5 ವೋಲ್ಟ್‌ಗಿಂತ ಕೆಳಗೆ ಬಂದದ್ದು ಕಂಡ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಬೇಡ.

ಎರಡನೆಯದು ಮೇನ್ಸ್. ಇದು 117 ವೋಲ್ಟ್‌ಗೆಂದು ಮಾಡಿದ ಸೆಟ್, ಎರಡು ತಂತಿಯ ವೈರು, ಅರ್ಥ್ ಇಲ್ಲ. ಮೂರು ತಂತಿಯ ವೈರು ಹಾಕಿ, ಹಸಿರು ತಂತಿಯನ್ನು ಚಾಸಿಗೆ ಅದರದೇ ಬೋಲ್ಟ್‌ನಲ್ಲಿ ಬಿಗಿಯಿರಿ. ನಮ್ಮ 230 ವೋಲ್ಟ್ ಮೇನ್ಸ್‌ನಲ್ಲಿ ಬಳಸುವುದಾದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಬೇಕು. ಇದು ಸುಮ್ಮನೆ ಕೂತಿದ್ದರೂ ಸುಮಾರು 150 ವ್ಯಾಟ್ ಎಳೆಯುತ್ತದೆ, ಹಾಗಾಗಿ 300 ವಿಎಗಿಂತ ಕಡಿಮೆಯದು ತರಬೇಡಿ. ಆಟೊ ಟ್ರಾನ್ಸ್‌ಫಾರ್ಮರ್ ಬೇಡ, ಎರಡು ಬೇರೆ ವೈಂಡಿಂಗ್ ಇರುವುದೇ ಆಗಬೇಕು. ಮಾರುಕಟ್ಟೆಯಲ್ಲಿ ಸಿಗುವುದು 230ರಿಂದ 110. ಆ 110ರಲ್ಲಿ 6.3 ವೋಲ್ಟ್ ಇರಬೇಕಾದ ಹೀಟರ್ (ವಾಲ್ವ್ ಅನ್ನು ಒಳಗಿನಿಂದ ಕಾಯಿಸುವ ತಂತಿ) 5.9ಕ್ಕೆ ಇಳಿಯುತ್ತದೆ. ವೈಂಡಿಂಗ್ ಮಾಡುವವರ ಹತ್ತಿರ 230ರಿಂದ 117 ಅಂತ ಹೇಳಿ ಸುತ್ತಿಸಿಕೊಂಡರೆ ಆ ತಲೆನೋವು ತಪ್ಪುತ್ತದೆ.

ಈಗ ಡಬ್ಬಿ ಕ್ಯಾಪಾಸಿಟರ್. ಒಂದೇ ಅಲ್ಯೂಮಿನಿಯಂ ಡಬ್ಬಿಯೊಳಗೆ ನಾಲ್ಕು ಭಾಗ: ಒಂದು 30, ಮೂರು 20 ಮೈಕ್ರೊಫ್ಯಾರಡ್, 525 ವೋಲ್ಟ್. ಬುಡದಲ್ಲಿ ಬಿಳಿ ಪುಡಿ ಕಂಡರೆ, ತಳ ಉಬ್ಬಿದ್ದರೆ, ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. "ವೇರಿಯಾಕ್‌ನಲ್ಲಿ ನಿಧಾನವಾಗಿ ಏರಿಸಿ ಬದುಕಿಸೋಣ" ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ (ವೇರಿಯಾಕ್ ಅಂದರೆ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್). ಇಲ್ಲಿ ರೆಕ್ಟಿಫೈಯರ್ ಕೂಡ ವಾಲ್ವ್. ವೋಲ್ಟೇಜ್ ಕಡಿಮೆ ಇದ್ದಾಗ ಅದರ ಹೀಟರ್ ಕಾಯುವುದೇ ಇಲ್ಲ, ಕ್ಯಾಪಾಸಿಟರ್‌ಗೆ ಏನೂ ತಲುಪುವುದಿಲ್ಲ. ಕಾದು ಎದ್ದ ಮೇಲೆ ಒಮ್ಮೆಲೇ ತಲುಪುತ್ತದೆ. ಅರವತ್ತು ವರ್ಷದ ಈ ಎಲೆಕ್ಟ್ರೊಲಿಟಿಕ್ ಕ್ಯಾಪಾಸಿಟರ್ ಬದಲಿಸಿ, ಅಷ್ಟೆ. ಬದಲಿಸುವ ಮುಂಚೆ ಫೋಟೊ ತೆಗೆಯಿರಿ. ಪ್ರತಿ ಕಾಲಿನ ಪಕ್ಕ ತ್ರಿಕೋನ, ಚೌಕ, ಅರ್ಧವೃತ್ತ ಹೀಗೆ ಗುರುತು ಇರುತ್ತದೆ, ಯಾವ ತಂತಿ ಯಾವ ಗುರುತಿಗೆ ಅಂತ ಬರೆದಿಟ್ಟುಕೊಳ್ಳಿ.

ಅಪ್‌ಗ್ರೇಡ್ ಹೆಸರಿನಲ್ಲಿ ಹೆಚ್ಚು ಅನಾಹುತ ಆಗುವುದು ಇಲ್ಲೇ. ದೊಡ್ಡದು ಒಳ್ಳೆಯದು ಅಂದುಕೊಂಡು ಮೊದಲ ಭಾಗಕ್ಕೆ, ಅಂದರೆ ರೆಕ್ಟಿಫೈಯರ್‌ಗೆ ನೇರವಾಗಿ ಅಂಟಿದ ಕ್ಯಾಪಾಸಿಟರ್‌ಗೆ, 100 ಮೈಕ್ರೊಫ್ಯಾರಡ್ ಹಾಕುತ್ತಾರೆ. ಜಿಜೆಡ್34ಕ್ಕೆ ಅಲ್ಲಿ ಗರಿಷ್ಠ ಮಿತಿ 60. ಅದಕ್ಕಿಂತ ಹೆಚ್ಚಾದರೆ ಪ್ರತಿ ಸಲ ಚಾರ್ಜ್ ಆಗುವಾಗಲೂ ಕರೆಂಟಿನ ಏಟು ಜೋರಾಗಿ, ಒಂದು ದಿನ ವಾಲ್ವ್ ಒಳಗೆ ಕಿಡಿ ಹಾರುತ್ತದೆ. ಮೊದಲ ಭಾಗ 30 ಆಗಿಯೇ ಇರಲಿ. ಹೆಚ್ಚಿಸುವ ಆಸೆ ಇದ್ದರೆ ಚೋಕ್ (ಗುಂಯ್ ಸದ್ದು ಅಡಗಿಸುವ ತಂತಿ ಸುರುಳಿ) ದಾಟಿದ ಮೇಲಿನ ಭಾಗವನ್ನು 80ಕ್ಕೆ ಏರಿಸಿ. ತಗ್ಗು ಸ್ವರಕ್ಕೆ ನಿಜವಾಗಿ ಪ್ರಯೋಜನ ಅಲ್ಲೇ.

ಇನ್ನು ಕೆಲವರು ಜಿಜೆಡ್34 ಕಿತ್ತು ಸಿಲಿಕಾನ್ ಡಯೋಡ್ ಹಾಕುತ್ತಾರೆ. ಲೆಕ್ಕ ನೋಡಿ. ಟ್ರಾನ್ಸ್‌ಫಾರ್ಮರ್ ಕೊಡುವುದು ಒಂದೊಂದು ಬದಿಗೆ 360 ವೋಲ್ಟ್ ಎಸಿ, ಅದರ ಶಿಖರ 509. ಇಎಲ್34 ಕಾಯುವ ಮೊದಲೇ ಆ ಪೂರ್ತಿ ವೋಲ್ಟೇಜ್ 525ರ ಕ್ಯಾಪಾಸಿಟರ್ ಮೇಲೆ ಬೀಳುತ್ತದೆ. ಮೇನ್ಸ್ ಸ್ವಲ್ಪ ಏರಿದರೆ ಮಿತಿ ದಾಟಿದ ಹಾಗೆಯೇ. ಅದರ ಬದಲು ಜಿಜೆಡ್34 ಇಟ್ಟುಕೊಂಡೇ, ಅದರ 4 ಮತ್ತು 6ನೇ ಪಿನ್‌ಗೆ ಬರುವ ತಂತಿಗಳಲ್ಲಿ ತಲಾ ಎರಡು 1ಎನ್4007 ಸರಣಿಯಲ್ಲಿ ಹಾಕಿ. ವಾಲ್ವ್ ಶಾರ್ಟ್ ಆದರೂ ಪವರ್ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ನಾಲ್ಕು ಡಯೋಡಿಗೆ ಹತ್ತಿಪ್ಪತ್ತು ರೂಪಾಯಿ. ಈ ಸೆಟ್‌ಗೆ ಮಾಡಬಹುದಾದ ಅತ್ಯುತ್ತಮ ಅಪ್‌ಗ್ರೇಡ್ ಇದು ಅಂತ ನಾನು ಹೇಳುತ್ತೇನೆ.

ಆಮೇಲೆ ಬಯಾಸ್, ಅಂದರೆ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ನಿಗದಿ ಮಾಡುವ ಮೈನಸ್ ವೋಲ್ಟೇಜ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂಲದಲ್ಲಿ ಬಯಾಸ್‌ಗೆ ಸೆಲೆನಿಯಂ ರೆಕ್ಟಿಫೈಯರ್ ಇದೆ. ವಯಸ್ಸಾದಂತೆ ಅದರೊಳಗೇ ಹೆಚ್ಚು ವೋಲ್ಟೇಜ್ ಕಳೆದುಹೋಗಿ, ಗ್ರಿಡ್‌ಗೆ (ವಾಲ್ವ್ ಒಳಗೆ ಕರೆಂಟ್ ಹತೋಟಿಯಲ್ಲಿಡುವ ಜಾಲರಿಗೆ) ಸಿಗಬೇಕಾದ ಮೈನಸ್ ವೋಲ್ಟೇಜ್ ಕುಗ್ಗುತ್ತದೆ. ಇಎಲ್34 ಹೆಚ್ಚು ಕರೆಂಟ್ ಎಳೆದು, ಅದರ ಪ್ಲೇಟು (ಎಲೆಕ್ಟ್ರಾನ್ ಬಂದು ಸೇರುವ ಲೋಹದ ಹೊದಿಕೆ) ಕೆಂಡದಂತೆ ಕೆಂಪಾಗುತ್ತದೆ. ಹಾಗೆ ಕೆಲವು ನಿಮಿಷ ಬಿಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯಿತು. ಸೆಲೆನಿಯಂ ತೆಗೆದು ಒಂದು 1ಎನ್4007 ಹಾಕಿ, ಜೊತೆಗಿರುವ ಎರಡು 50 ಮೈಕ್ರೊಫ್ಯಾರಡ್ ಕ್ಯಾಪಾಸಿಟರ್‌ಗಳ ಜಾಗಕ್ಕೆ 100 ವೋಲ್ಟ್‌ನ ಹೊಸವು ಬರಲಿ. ಇದು ಮೈನಸ್ ಸಪ್ಲೈ, ಹಾಗಾಗಿ ಕ್ಯಾಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು. ಕೈ ಅಭ್ಯಾಸದಿಂದ ತಿರುಗಿಸಿ ಹಾಕಿ ಕೆಡಿಸುವವರು ತುಂಬಾ ಜನ.

ಮೂಲ ವಿನ್ಯಾಸದಲ್ಲಿ ಒಂದು ಚಾನೆಲ್‌ನ ಎರಡು ಇಎಲ್34ಗಳಿಗೂ ಸೇರಿ ಕ್ಯಾಥೋಡ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಹೊರಡುವ ಕಡೆ, ಒಂದೇ 15.6 ಓಮ್ ರೆಸಿಸ್ಟರ್. ಅದರ ಮೇಲೆ 1.56 ವೋಲ್ಟ್ ಬಂದರೆ ಎರಡೂ ಸೇರಿ 100 ಮಿಲಿಆಂಪ್. ನೋಡಲು ಅಚ್ಚುಕಟ್ಟು, ಆದರೆ ಮೀಟರ್ ತೋರಿಸುವುದು ಮೊತ್ತವನ್ನು ಮಾತ್ರ. ಒಂದರಲ್ಲಿ 70, ಇನ್ನೊಂದರಲ್ಲಿ 30 ಹರಿದರೂ ಮೀಟರ್ 1.56 ಎಂದೇ ಹೇಳುತ್ತದೆ. ಆ ವ್ಯತ್ಯಾಸ ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಒಂದೇ ಕಡೆಯ ಡಿಸಿ ಆಗಿ ಕೂತು ಬಾಸ್ ಸಡಿಲಾಗುತ್ತದೆ. ಆದ್ದರಿಂದ ನಾಲ್ಕೂ ವಾಲ್ವ್‌ಗೆ ಬೇರೆ ಬೇರೆ 10 ಓಮ್, 1 ಪರ್ಸೆಂಟ್ ಕ್ಯಾಥೋಡ್ ರೆಸಿಸ್ಟರ್ ಹಾಕಿ, ಸಾಧ್ಯವಾದರೆ ಬೇರೆ ಬೇರೆ ಬಯಾಸ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಕೂಡ. ಗುರಿ 0.40 ವೋಲ್ಟ್, ಅಂದರೆ 40 ಮಿಲಿಆಂಪ್. ಹಳೆಯ ಪುಸ್ತಿಕೆಯ 50 ಯಾಕಲ್ಲ? 430 ವೋಲ್ಟ್‌ಗೆ 50 ಮಿಲಿಆಂಪ್ ಅಂದರೆ 21.5 ವ್ಯಾಟ್, ಇಎಲ್34ರ ಪ್ಲೇಟಿನ ಮಿತಿ 25. ರಾತ್ರಿ ಮೇನ್ಸ್ ಏರುವ ಊರಿನಲ್ಲಿ ಆ ಅಂತರ ಸಾಲದು.

ಈಗ ಬನ್ನಿ ಕಪ್ಲಿಂಗ್ ಕ್ಯಾಪಾಸಿಟರ್‌ಗೆ. 0.1 ಮೈಕ್ರೊಫ್ಯಾರಡ್, ನಾಲ್ಕು. ಇವನ್ನು ಬದಲಿಸಬೇಕು ನಿಜ, ಆದರೆ ಸೋರುತ್ತವೆ ಎಂಬ ಕಾರಣಕ್ಕೆ. ಬರೀ 10 ಮೈಕ್ರೊಆಂಪ್ ಸೋರಿದರೂ 270 ಕಿಲೊಓಮ್ ಗ್ರಿಡ್ ರೆಸಿಸ್ಟರ್ ಮೇಲೆ 2.7 ವೋಲ್ಟ್ ಕೂತು, ಆ ವಾಲ್ವ್‌ನ ಕರೆಂಟ್ ಸುಮಾರು 20 ಮಿಲಿಆಂಪ್ ಜಿಗಿಯುತ್ತದೆ. ಪರೀಕ್ಷೆ ಸುಲಭ. ನಾಲ್ಕೂ ಇಎಲ್34 ಕಿತ್ತು, ಉಳಿದವು ಇರಲಿ, ಸಾಕೆಟ್‌ನ 5ನೇ ಪಿನ್ (ಗ್ರಿಡ್) ಅಳೆಯಿರಿ. ಒಂದು ಚಾನೆಲ್‌ನ ಎರಡೂ ಪಿನ್ ಒಂದೇ ಮೈನಸ್ ವೋಲ್ಟೇಜ್ ತೋರಿಸಬೇಕು. ಒಂದು ಸೊನ್ನೆಯ ಕಡೆಗೆ ವಾಲಿದ್ದರೆ ಕಳ್ಳ ಸಿಕ್ಕಿದ. ಲೋಡ್ ಇಲ್ಲದೆ ವೋಲ್ಟೇಜ್ ಏರುತ್ತದೆ, ಅಳೆದ ಕೂಡಲೇ ಆಫ್ ಮಾಡಿ. ಬದಲಿಗೆ ಸಾಧಾರಣ 630 ವೋಲ್ಟ್ ಪಾಲಿಪ್ರೊಪಿಲೀನ್ ಸಾಕು. ಒಂದಕ್ಕೆ ಸಾವಿರಾರು ರೂಪಾಯಿಯ ಕ್ಯಾಪಾಸಿಟರ್ ತರುವ ಮೊದಲು, ಸಿಗ್ನಲ್ ಅನ್ನು ಒಂದಕ್ಕೊಂದು ವಿರುದ್ಧವಾದ ಎರಡು ಪಾಲು ಮಾಡುವ ಫೇಸ್ ಸ್ಪ್ಲಿಟರ್‌ನ ಎರಡು 47 ಕಿಲೊಓಮ್ ರೆಸಿಸ್ಟರ್ ಅಳೆದು ನೋಡಿ. ಅವೆರಡೂ ಒಂದಕ್ಕೊಂದು ಸಮ ಇರಬೇಕು. ಹಳೇ ಕಾರ್ಬನ್ ರೆಸಿಸ್ಟರ್‌ಗಳು ದಾರಿ ತಪ್ಪಿರುತ್ತವೆ. 1 ಪರ್ಸೆಂಟ್ ಮೆಟಲ್ ಫಿಲ್ಮ್ ಜೋಡಿಯಿಂದ ಡಿಸ್ಟಾರ್ಷನ್‌ನಲ್ಲಿ ಆಗುವ ವ್ಯತ್ಯಾಸವನ್ನು ಅಳೆದೇ ತೋರಿಸಬಹುದು. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಮರಳಿಸುವ ದಾರಿ) ಸುತ್ತಲಿನ ಸಣ್ಣ ಪಿಕೊಫ್ಯಾರಡ್ ಕ್ಯಾಪಾಸಿಟರ್‌ಗಳ ಅಳತೆ ಮಾತ್ರ ಬದಲಿಸಬೇಡಿ. ಆ ಟ್ರಾನ್ಸ್‌ಫಾರ್ಮರ್‌ಗೆ ಹೊಂದಿಸಿ ಆರಿಸಿದವು ಅವು. ಬದಲಿಸಿದರೆ ಕಿವಿಗೆ ಕೇಳದ ಆವರ್ತನದಲ್ಲಿ ತನ್ನಷ್ಟಕ್ಕೇ ಕಂಪಿಸಿ (ಆಸಿಲೇಟ್ ಆಗಿ) ವಾಲ್ವ್ ಸುಡುತ್ತದೆ.

7199 ಕೂರುವ ಡ್ರೈವರ್ ಬೋರ್ಡ್ ಕಂದಾಗಿದ್ದರೂ ಗಟ್ಟಿ ಇದ್ದರೆ ಉಳಿಸಿ. ಸುಟ್ಟು ಕರಿಯಾಗಿ ತಾಮ್ರದ ಗೆರೆ ಎದ್ದಿದ್ದರೆ ಹೊಸ ಬೋರ್ಡ್ ಹಾಕುವುದರಲ್ಲಿ ತಪ್ಪಿಲ್ಲ. ಹಳೇ 7199ಗೆ ಬೆಲೆ ಜಾಸ್ತಿ. 6ಜಿಎಚ್8ಎ ವಾಲ್ವ್ ಅದಕ್ಕೆ ಹತ್ತಿರದ್ದು, ಆದರೆ ಪಿನ್ ಜೋಡಣೆ ಬೇರೆ, ಅಡಾಪ್ಟರ್ ಇಲ್ಲದೆ ಚುಚ್ಚಬೇಡಿ. ಚಾಸಿಯಲ್ಲಿ ಹೊಸ ತೂತು ಮಾತ್ರ ಕೊರೆಯಬೇಡಿ.

ಮೊದಲ ಸಲ ಆನ್ ಮಾಡುವಾಗ ಯಾವ ವಾಲ್ವೂ ಇಲ್ಲದೆ, ಸರಣಿಯಲ್ಲಿ 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ. ಬಲ್ಬ್ ಮಿಂಚಿ ಮಂಕಾದರೆ ಪವರ್ ಟ್ರಾನ್ಸ್‌ಫಾರ್ಮರ್ ಸರಿ ಇದೆ. ಉರಿಯುತ್ತಲೇ ಇದ್ದರೆ ಶಾರ್ಟ್ ಹುಡುಕಿ. ಆಮೇಲೆ ಬಲ್ಬ್ ತೆಗೆದು, ಎರಡೂ ಔಟ್‌ಪುಟ್‌ಗೆ 8 ಓಮ್, 50 ವ್ಯಾಟ್ ರೆಸಿಸ್ಟರ್ ಕಟ್ಟಿ, ಬಯಾಸ್ ಪಾಟ್‌ಗಳನ್ನು ಅತಿ ಹೆಚ್ಚು ಮೈನಸ್ ಕಡೆಗೆ ತಿರುಗಿಸಿಟ್ಟು ವಾಲ್ವ್ ಹಾಕಿ. 0.40 ವೋಲ್ಟ್‌ಗೆ ನಿಧಾನ ತನ್ನಿ. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಮೊದಲ ವಾರ ದಿನಕ್ಕೊಮ್ಮೆ ಅಳೆಯಿರಿ. ಕತ್ತಲ ಕೋಣೆಯಲ್ಲಿ ಪ್ಲೇಟ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಹೀಟರ್‌ನ ಕಿತ್ತಳೆ ಬೆಳಕು ಸಹಜ, ಬೂದು ಪ್ಲೇಟಿನ ಮೇಲೆ ಕೆಂಪು ಕಲೆ ಕಂಡರೆ ತಕ್ಷಣ ಆಫ್.