ಕೌಲ್ ಬಜಾರ್‌ನ ಹಳೇ ಬರ್ಗರ್ ಅಂಗಡಿ: ಬನ್ ಸೂಪರ್, ಪಾರ್ಸೆಲ್ ಪೇಪರ್ ಮಾತ್ರ ಬೇಡ

ನಮಸ್ಕಾರ ಎಲ್ಲರಿಗೂ. ಬಿಸಿಲು ನೋಡಿ. ಸಂಜೆ ನಾಲ್ಕೂವರೆ ಆಗಿದೆ, ಆದರೂ ಫೋನ್ ಸ್ಕ್ರೀನ್ ಮೇಲೆ ಏನೂ ಕಾಣುತ್ತಿಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿ ಅಂದರೆ ಹೀಗೇ. ಆಟೋ ಇಳಿದು ಕೌಲ್ ಬಜಾರ್ ಒಳಗೆ ನಡೆಯುತ್ತಿದ್ದೇವೆ. ಕ್ಯಾಮೆರಾ ನಮ್ಮ ಚಿಕ್ಕಮ್ಮನ ಮಗನ ಕೈಯಲ್ಲಿದೆ. ಅವನು ಪದೇ ಪದೇ ಕೋಟೆ ಗುಡ್ಡದ ಕಡೆ ತಿರುಗಿಸುತ್ತಿದ್ದಾನೆ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಇವತ್ತಿನ ವಿಡಿಯೋ ಗುಡ್ಡದ್ದಲ್ಲ, ಬರ್ಗರ್‌ದು. ಈ ಕಡೆ ತಿರುಗಿಸೋ ತಮ್ಮಾ.

ಇದೇ ಅಂಗಡಿ. ಬೋರ್ಡ್ ತೋರಿಸುವುದಿಲ್ಲ. ಅಂಗಡಿ ನಡೆಸುವ ಚಾಚಾ ಮೊದಲೇ ಹೇಳಿಬಿಟ್ಟರು, "ವಿಡಿಯೋ ಮಾಡ್ಕಳಮ್ಮ, ಹೆಸರು ಹಾಕಬ್ಯಾಡ. ಮಂದಿ ಜಾಸ್ತಿ ಬಂದ್ರೆ ಬನ್ ಎಲ್ಲಿಂದ ತರ್ಲಿ?" ಆ ಮಾತು ನನಗೆ ಬಹಳ ಹಿಡಿಸಿತು. ಇಲ್ಲಿ ಬನ್ ಹೊರಗಿನಿಂದ ಬರುವುದಿಲ್ಲ. ಹಿಂದೆ ಸೌದೆ ಭಟ್ಟಿ ಇದೆ. ದಿನಕ್ಕೆ ಒಂದೇ ಸಲ ಬನ್ ತೆಗೆಯುತ್ತಾರೆ. ಅದು ಖಾಲಿಯಾದರೆ ಅವತ್ತಿನ ವ್ಯಾಪಾರ ಮುಗಿಯಿತು.

ಒಳಗೆ ಕಡಪಾ ಕಲ್ಲಿನ ಮೂರು ಟೇಬಲ್, ಮರದ ಬೆಂಚು, ಒಂದು ದೊಡ್ಡ ತವಾ. ಫ್ಯಾನ್ ತಿರುಗುತ್ತಿದೆ, ಗಾಳಿ ಬಿಸಿ. ರೇಟು ಗೋಡೆ ಮೇಲೆ ಪೇಂಟ್‌ನಲ್ಲಿ ಬರೆದಿದೆ. ಮಟನ್ 90, ಚಿಕನ್ 70, ಎಗ್ 45, ಮಿರ್ಚಿ 35. ಚೀಸ್ ಬೇಕಾದರೆ 20 ಜಾಸ್ತಿ. ಇಲ್ಲಿ ಸ್ವಲ್ಪ ಹತ್ತಿರ ತೋರಿಸುತ್ತೇನೆ. ಹಳೇ ರೇಟಿನ ಮೇಲೆ ಸುಣ್ಣ ಬಳಿದು ಹೊಸ ರೇಟು ಬರೆದಿದ್ದಾರೆ. 90ರ ಕೆಳಗೆ ಒಂದು 60 ಕಾಣುತ್ತದೆ, ಅದರ ಕೆಳಗೆ ಇನ್ನೂ ಏನೋ ಒಂದು ಅಂಕಿ. ಮಟನ್ ರೇಟು ಎಲ್ಲಿಗೆ ಹೋಗಿದೆ ಅಂತ ನಿಮಗೆ ಗೊತ್ತೇ ಇದೆ. 90 ಅಂದಾಗ ಮೊದಲು ನನಗೆ ಜಾಸ್ತಿ ಅನ್ನಿಸಿತು. ಅದನ್ನು ತಿಂದ ಮೇಲೆ ಮಾತಾಡೋಣ.

ಪಕ್ಕದ ಟೇಬಲ್‌ನಲ್ಲಿ ಜೀನ್ಸ್ ಹೊಲಿಯುವ ಹುಡುಗರು. ಮುಖ ತೋರಿಸಬೇಡಿ ಅಂದರು, ಕೈ ಮಾತ್ರ ತೋರಿಸುತ್ತಿದ್ದೇನೆ. ಬೆರಳ ತುದಿಯೆಲ್ಲ ನೀಲಿ. ಉಗುರಿನ ಸಂದಿಯಲ್ಲೂ ನೀಲಿ. ಇವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಮಷಿನ್ ಬಿಟ್ಟು ಎದ್ದಷ್ಟು ಹೊತ್ತು ದುಡ್ಡಿಲ್ಲ. ಹಾಗಾಗಿ ಹತ್ತು ನಿಮಿಷದಲ್ಲಿ ತಿಂದು ಎದ್ದು ಹೋಗುವಂಥದ್ದು ಬೇಕು, ಹೊಟ್ಟೆಯೂ ತುಂಬಬೇಕು.

ಬರ್ಗರ್ ಬೆಳೆದದ್ದೇ ಇಂಥವರಿಂದ. ಅಮೆರಿಕದ ವಿಚಿಟಾ ಊರಲ್ಲಿ 1921ರಲ್ಲಿ ವೈಟ್ ಕ್ಯಾಸಲ್ ಶುರುವಾದಾಗ ಒಂದು ಬರ್ಗರ್‌ಗೆ 5 ಸೆಂಟ್. ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1948ರಲ್ಲಿ ತಮ್ಮ ಹೋಟೆಲಿನ ಮೆನು ಚಿಕ್ಕದು ಮಾಡಿ, ಸಪ್ಲೈಯರ್‌ಗಳನ್ನು ತೆಗೆದು, 15 ಸೆಂಟ್‌ಗೆ ಬರ್ಗರ್ ಕೊಡಲು ಶುರು ಮಾಡಿದರು. ಅಲ್ಲಿ ಅದು ಕೈಯಲ್ಲಿ ಹಿಡಿದು ತಿನ್ನುವ ಅಗ್ಗದ ತಿಂಡಿ. ಆ ಕಂಪನಿ ಇಂಡಿಯಾಕ್ಕೆ ಬಂದದ್ದು 1996ರಲ್ಲಿ. ಇಲ್ಲಿ ಅದು ಎಸಿ ಒಳಗೆ ಕೂತು ತಿನ್ನುವ ತಿಂಡಿಯಾಯಿತು, ಬರ್ತ್‌ಡೇ ಪಾರ್ಟಿ ತಿಂಡಿಯಾಯಿತು. ಈ ಅಂಗಡಿಯಲ್ಲಿ ಬರ್ಗರ್ ಮತ್ತೆ ದುಡಿಯುವವರ ಟೇಬಲ್‌ಗೆ ಬಂದಿದೆ. ನಾನು ಇಲ್ಲಿಗೆ ಕ್ಯಾಮೆರಾ ತಂದದ್ದು ಇದಕ್ಕೇ.

ಸರಿ, ಭಟ್ಟಿ ಕಡೆ ಹೋಗೋಣ, ಶಾಟ್ ಓಡುತ್ತಿದೆ.

ಈ ಟ್ರೇ ನೋಡಿ. ಬನ್ ಎಲ್ಲ ಒಂದೇ ಸೈಜ್ ಇಲ್ಲ. ಒಂದರ ನೆತ್ತಿ ಜಾಸ್ತಿ ಕೆಂಪು, ಇನ್ನೊಂದು ಪಕ್ಕದ ಬನ್ನಿಗೆ ಅಂಟಿಕೊಂಡು ಬೆಳ್ಳಗಿದೆ. ನನಗೆ ಇದೇ ಇಷ್ಟ. ಹಿಟ್ಟು ಉಬ್ಬಿಸುವುದು ಬಳ್ಳಾರಿಯಲ್ಲಿ ದೊಡ್ಡ ಕೆಲಸ. ಈಸ್ಟ್‌ಗೆ ಬೆಚ್ಚಗಿನ ಜಾಗ ಬೇಕು ನಿಜ, ಆದರೆ ಇಲ್ಲಿ ಹೊರಗೆ 40 ಡಿಗ್ರಿ ಮೇಲೆ ಹೋಗುತ್ತದೆ. ಅಷ್ಟು ಬಿಸಿಗೆ ಹಿಟ್ಟು ಬೇಗ ಬೇಗ ಉಬ್ಬಿ, ರುಚಿ ಹುಟ್ಟುವ ಮೊದಲೇ ಹುಳಿ ವಾಸನೆ ಹೊಡೆಯುತ್ತದೆ. ಆಮೇಲೆ ಭಟ್ಟಿಯಲ್ಲಿ ಕುಸಿದು ಕೂರುತ್ತದೆ. ಚಾಚಾ ಹೇಳಿದ್ದು ಇಷ್ಟೇ, "ಬ್ಯಾಸಿಗ್ಯಾಗ ಈಸ್ಟ್ ಅರ್ಧ, ನೀರಿಗೆ ಐಸ್." ರಾತ್ರಿ ತಂಪಲ್ಲಿ ಹಿಟ್ಟು ಕಲಸುತ್ತಾರೆ, ಬೆಳಗಿನ ಜಾವ ಉಂಡೆ ಕಟ್ಟುತ್ತಾರೆ. ಚಳಿಗಾಲಕ್ಕೆ ಲೆಕ್ಕ ಬೇರೆ. ಇದಕ್ಕೆ ಕೈ ಪಳಗಿರಬೇಕು. ಪ್ಯಾಕೆಟ್ ಬನ್ ತಂದು ಫ್ರಿಜ್‌ನಲ್ಲಿ ಇಡುವ ಅಂಗಡಿಯವರು ದಯವಿಟ್ಟು ಇದನ್ನೊಮ್ಮೆ ನೋಡಿ.

ಈಗ ತವಾ. ಕೀಮಾ ಅವತ್ತಿನದು ಅವತ್ತೇ. ಅದಕ್ಕೆ ಪುಟಾಣಿ ಹಿಟ್ಟು, ಶುಂಠಿ, ಹಸಿಮೆಣಸಿನಕಾಯಿ, ಉಪ್ಪು. ಪುಟಾಣಿ ಹಿಟ್ಟು ಯಾಕೆ ಅಂದರೆ ಕೀಮಾ ಒಡೆಯದೆ ಹಿಡಿದುಕೊಳ್ಳಲಿ ಅಂತ. ನಮ್ಮ ಮನೆಗಳಲ್ಲಿ ಖೈಮಾ ಉಂಡೆಗೂ ಇದನ್ನೇ ಹಾಕುತ್ತೇವಲ್ವಾ. ಉಂಡೆಯನ್ನು ಕಾದ ತವಾ ಮೇಲೆ ಇಟ್ಟು, ಅಗಲದ ಕಬ್ಬಿಣದ ಪಟ್ಟಿಯಿಂದ ಒಂದೇ ಸಲ ಒತ್ತುತ್ತಾರೆ. ಒಂದೇ ಸಲ. ಸುಮ್ನೆ ಮತ್ತೆ ಮತ್ತೆ ಒತ್ತಿದರೆ ಕೊಬ್ಬು, ರಸ ಎಲ್ಲ ತವಾಕ್ಕೆ ಹೋಗಿ ಬಾಯಿಗೆ ರಬ್ಬರ್ ಉಳಿಯುತ್ತದೆ. ಅಂಚು ಹೇಗೆ ಕಂದು ಜಾಲರಿ ಆಗುತ್ತಿದೆ ನೋಡಿ. ರುಚಿ ಇರುವುದೇ ಆ ಜಾಲರಿಯಲ್ಲಿ. ಮಾಂಸದ ಮೇಲಿನ ನೀರು ಆರಿದ ಮೇಲಷ್ಟೇ ಆ ಬಣ್ಣ ಬರುತ್ತದೆ. ಹಾಗಾಗಿ ತವಾ ಚೆನ್ನಾಗಿ ಕಾದಿರಬೇಕು.

ಹೊರದೇಶದ ವಿಡಿಯೋಗಳಲ್ಲಿ ಒಳಗೆ ಗುಲಾಬಿ ಬಣ್ಣ ಇರುವ ಬರ್ಗರ್ ತೋರಿಸುತ್ತಾರೆ. ಅದನ್ನು ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಇಡೀ ಮಾಂಸದ ತುಂಡಾದರೆ ಕ್ರಿಮಿ ಹೆಚ್ಚಾಗಿ ಹೊರಮೈಯಲ್ಲೇ ಇರುತ್ತದೆ. ಕೀಮಾ ಮಾಡಿದಾಗ ಹೊರಗಿದ್ದದ್ದು ಒಳಗೆಲ್ಲ ಸೇರಿಬಿಡುತ್ತದೆ. ಮಟನ್ ಕೀಮಾ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಚಿಕನ್ ಆದರೆ 74. ಚಾಚಾ ಡಿಗ್ರಿ ಅಳೆಯುವುದಿಲ್ಲ. ತೆಳ್ಳಗೆ ಒತ್ತಿ, ಎರಡೂ ಕಡೆ ಕಂದು ಆಗುವವರೆಗೆ ಬಿಡುತ್ತಾರೆ. ನಡುವೆ ಮುರಿದು ತೋರಿಸಿದರು, ಪೂರ್ತಿ ಬೆಂದಿತ್ತು.

ಒತ್ತುವ ಮೊದಲು ಮೇಲೆ ಒಂದು ಹಿಡಿ ಉಳ್ಳಾಗಡ್ಡಿ ಹಾಕಿದ್ದನ್ನು ಗಮನಿಸಿದಿರಾ? ಎಳೆ ಎಳೆಯಾಗಿ ಹೆಚ್ಚಿದ್ದು. ಅದು ಕೀಮಾದೊಳಗೆ ಹುದುಗಿ ಅಲ್ಲೇ ಬೇಯುತ್ತದೆ. ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ ಎಲ್ ರೆನೊ ಅಂತ ಊರಿದೆ. ಅಲ್ಲಿ 1920ರ ದಶಕದಿಂದ ಹೀಗೇ ಮಾಡುತ್ತಾರೆ. ಜನರ ಕೈಯಲ್ಲಿ ದುಡ್ಡಿರಲಿಲ್ಲ, ಮಾಂಸ ದುಬಾರಿ, ಉಳ್ಳಾಗಡ್ಡಿ ಅಗ್ಗ. ಅರ್ಧ ಮಾಂಸ, ಅರ್ಧ ಉಳ್ಳಾಗಡ್ಡಿ ಹಾಕಿ ಒತ್ತಿದರು. ಇವತ್ತಿಗೂ ಆ ಊರಿಗೆ ಜನ ಅದನ್ನು ತಿನ್ನಲು ಹೋಗುತ್ತಾರೆ. ಚಾಚಾ ಆ ಊರಿನ ಹೆಸರೇ ಕೇಳಿಲ್ಲ. "ಮಟನ್ ಕಮ್ಮಿ ಹಾಕಿದ್ರೂ ಹೊಟ್ಟಿ ತುಂಬ್ಬೇಕಲ್ಲಮ್ಮ" ಅಂದರು. ಕಾರಣ ಒಂದೇ, ಉಪಾಯವೂ ಒಂದೇ.

ಬಂತು. ಸ್ಟೀಲ್ ತಟ್ಟೆ, ಕಿಚಪ್ ಇಲ್ಲ, ಫ್ರೈಸ್ ಇಲ್ಲ. ಬನ್ನಿನ ಒಳಮೈಯನ್ನು ಬೆಣ್ಣೆ ಹಚ್ಚಿ ತವಾ ಮೇಲೆ ಸುಟ್ಟಿದ್ದಾರೆ. ಕೆಳಗೆ ಹಸಿರು ಚಟ್ನಿ, ಮೇಲೆ ಕೆಂಪು ಚಟ್ನಿ. ಒತ್ತಿ ನೋಡಿ, ಬನ್ ಮತ್ತೆ ಮೇಲೆದ್ದು ಬರುತ್ತದೆ. ಮೊದಲ ಕಚ್ಚಿಗೆ ಬೆಣ್ಣೆ, ಆಮೇಲೆ ಆ ಗರಿಗರಿ ಅಂಚು, ಆಮೇಲೆ ಸಿಹಿಯಾದ ಉಳ್ಳಾಗಡ್ಡಿ. ಖಾರ ಕೊನೆಗೆ ಬರುತ್ತದೆ, ಬಂದಮೇಲೆ ಹೋಗುವುದೇ ಇಲ್ಲ. ಬಾಯಿ ತುಂಬಿದೆ, ಒಂದು ನಿಮಿಷ ಮಾತು ನಿಲ್ಲಿಸುತ್ತೇನೆ.

ಹಾಂ. 90 ಜಾಸ್ತಿ ಅಂದಿದ್ದೆನಲ್ಲ, ಈಗ ಆ ಮಾತು ಇಲ್ಲ. ಮಟನ್ ಇದೆ, ಬೆಣ್ಣೆ ಇದೆ, ಅವತ್ತಿನ ಬನ್ ಇದೆ. ನ್ಯಾಯವಾದ ರೇಟು. ಚೀಸ್ ಮಾತ್ರ ದಂಡ. 20 ರೂಪಾಯಿ ಕೊಟ್ಟು ಹಾಕಿಸಿದ ಆ ಹಳದಿ ಸ್ಲೈಸ್ ಕೀಮಾದ ರುಚಿಯನ್ನೇ ಮುಚ್ಚಿಬಿಟ್ಟಿತು. ತಮ್ಮ ಒಪ್ಪುತ್ತಿಲ್ಲ, ಚೀಸ್ ಇದ್ದದ್ದನ್ನೇ ಪೂರ್ತಿ ತಿಂದ. ಎಗ್ ಬರ್ಗರ್‌ಗೆ ಚೀಸ್ ಓಕೆ, ಅದನ್ನು ಒಪ್ಪುತ್ತೇನೆ. ಮಟನ್‌ಗೆ ಬೇಡ. ಮೇಯೊನೀಸ್ ಇಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಚಾಚಾಗೆ ಕೈ ಮುಗಿಯುತ್ತೇನೆ.

ಈಗ ಮಿರ್ಚಿ ಬನ್. ಮಾಂಸ ತಿನ್ನದವರಿಗೆ ಇದು. ನಮ್ಮ ಕಡೆ ಸಂಜೆ ಆದರೆ ಒಗ್ಗರಣೆ ಮಿರ್ಚಿ ಬೇಕೇ ಬೇಕು. ಬಳ್ಳಾರಿ ಇರಲಿ, ಕೊಪ್ಪಳ ಇರಲಿ, ರಾಯಚೂರು ಇರಲಿ, ಮಂಡಕ್ಕಿ ಒಗ್ಗರಣೆ ಜೊತೆ ಬಿಸಿ ಮಿರ್ಚಿ ಇಲ್ಲದ ಬೀದಿ ಇಲ್ಲ. ಮಿರ್ಚಿಯನ್ನು ಬನ್ನಿನೊಳಗೆ ಇಟ್ಟು ಬರ್ಗರ್ ಅಂತ ಕರೆಯುವುದು ನನಗೆ ಸರಿ ಕಾಣಲಿಲ್ಲ. ಹಿಟ್ಟಿನ ಮೇಲೆ ಹಿಟ್ಟು, ಒಣಗಿರುತ್ತದೆ ಅಂದುಕೊಂಡಿದ್ದೆ. ಆದರೆ ನೋಡಿ, ಎರಡು ಮಿರ್ಚಿಯನ್ನು ತವಾ ಮೇಲೆ ಒತ್ತಿ ಚಪ್ಪಟೆ ಮಾಡುತ್ತಾರೆ. ಒಳಗಿನ ಮೆಣಸಿನಕಾಯಿ ಬಿರಿದು ಅದರ ನೀರು ಹೊರಗೆ ಬರುತ್ತದೆ. ಅದರ ಮೇಲೆ ಹಸಿ ಉಳ್ಳಾಗಡ್ಡಿ, ನಿಂಬೆಹುಳಿ. ಒಣಗಿಲ್ಲ. ತುಂಬಾ ಚೆನ್ನಾಗಿದೆ. 35 ರೂಪಾಯಿಗೆ ಇದಕ್ಕಿಂತ ಒಳ್ಳೆಯದು ಈ ರಸ್ತೆಯಲ್ಲಿ ಸಿಗಲ್ಲ. ಮಟನ್‌ಗಿಂತ ಇದೇ ಮೇಲು ಅಂತ ಹೇಳಬೇಕು ಅನ್ನಿಸುತ್ತಿದೆ. ಇಲ್ಲ, ಮಟನ್ನೇ ಮೇಲು. ಆದರೆ ದಿನಾ ತಿನ್ನುವುದಾದರೆ ಇದು.

ಈಗ ಪಾರ್ಸೆಲ್ ವಿಷಯ. ಇದನ್ನು ಎಡಿಟ್‌ನಲ್ಲಿ ತೆಗೆಯೋಣ ಅಂತ ತಮ್ಮ ಹೇಳಿದ. ನಾನು ತೆಗೆಯಲಿಲ್ಲ. ಚಿಕ್ಕಮ್ಮನಿಗೆ ಅಂತ ಎರಡು ಚಿಕನ್ ಬರ್ಗರ್ ಕಟ್ಟಿಸಿದೆವು. ಕೌಂಟರ್ ಹುಡುಗ ಹಳೇ ನ್ಯೂಸ್ ಪೇಪರ್ ಹರಿದು, ಬಿಸಿ ಬಿಸಿ ಬರ್ಗರ್ ಇಟ್ಟು, ದಾರ ಸುತ್ತಿಕೊಟ್ಟ. ಇಲ್ಲೇ ಟೇಬಲ್ ಮೇಲೆ ಬಿಚ್ಚಿ ತೋರಿಸುತ್ತೇನೆ. ಝೂಮ್ ಮಾಡು. ಬನ್ನಿನ ತಳ ನೋಡಿ. ಎಣ್ಣೆ ಇಳಿದಿದೆ, ಆ ಎಣ್ಣೆಗೆ ಪೇಪರಿನ ಶಾಯಿ ಹತ್ತಿದೆ. ಅಕ್ಷರಗಳು ಉಲ್ಟಾ ಅಚ್ಚಾಗಿವೆ. ಕಷ್ಟಪಟ್ಟು ಓದಿದರೆ "ಮಾರಾಟಕ್ಕಿದೆ" ಅಂತ ಕಾಣುತ್ತದೆ. ಯಾರದೋ ಸೈಟ್ ಜಾಹೀರಾತು. ಅದನ್ನು ನಮ್ಮ ಚಿಕ್ಕಮ್ಮ ತಿನ್ನಬೇಕಿತ್ತು.

ನ್ಯೂಸ್ ಪೇಪರ್‌ನಲ್ಲಿ ತಿಂಡಿ ಕಟ್ಟಬಾರದು ಅಂತ ಕಾನೂನೇ ಇದೆ. ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಅದರ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಆಹಾರ ಇಡಲು, ಸುತ್ತಲು ನ್ಯೂಸ್ ಪೇಪರ್ ಬಳಸಬಾರದು ಅಂತ ಸ್ಪಷ್ಟವಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎಚ್ಚರಿಕೆ ಕೊಟ್ಟರು. ಶಾಯಿಯಲ್ಲಿ ಸೀಸದಂಥ ಲೋಹ, ಬೇರೆ ರಾಸಾಯನಿಕ ಇರಬಹುದು. ತಣ್ಣಗಿನ ಒಣ ತಿಂಡಿಗಿಂತ ಬಿಸಿ ಎಣ್ಣೆ ತಿಂಡಿಗೆ ಬೇಗ ಹತ್ತುತ್ತದೆ. ಅದೂ ಅಲ್ಲದೆ ಆ ಪೇಪರ್ ಯಾರ್ಯಾರ ಮನೆಯಲ್ಲಿ, ಎಲ್ಲೆಲ್ಲಿ ಬಿದ್ದಿತ್ತೋ. ಇದು ಈ ಅಂಗಡಿ ಒಂದರದ್ದೇ ಅಲ್ಲ, ಮಿರ್ಚಿ ಬಂಡಿಗಳಲ್ಲೂ ಇದೇ ಕಥೆ. ಮಿರ್ಚಿಯನ್ನು ಪೇಪರ್ ಮೇಲಿಟ್ಟು ಒತ್ತಿ ಎಣ್ಣೆ ತೆಗೆಯುತ್ತೇವೆ. ನಾವೇ ಒತ್ತುತ್ತೇವೆ! ಎಣ್ಣೆ ಪೇಪರಿಗೆ ಹೋಗುತ್ತದೆ, ಶಾಯಿ ಮಿರ್ಚಿಗೆ ಬರುತ್ತದೆ.

ಚಾಚಾ ಹತ್ತಿರ ಹೋಗಿ ಹೇಳಿದೆ. ಮೊದಲು ಬೇಜಾರಾದರು. "ಇಷ್ಟ್ ವರ್ಷ ಇದ್ರಾಗೇ ಕಟ್ಟೀನಿ, ಯಾರಿಗೇನಾಗೈತಮ್ಮ?" ಇವತ್ತು ತಿಂದು ನಾಳೆ ಗೊತ್ತಾಗುವ ವಿಷಯ ಅಲ್ಲ ಚಾಚಾ, ಸ್ವಲ್ಪ ಸ್ವಲ್ಪವೇ ಮೈಯಲ್ಲಿ ಸೇರುತ್ತದೆ, ಮಕ್ಕಳಿಗಂತೂ ಜಾಸ್ತಿ ಕೆಟ್ಟದ್ದು ಅಂದೆ. "ಪ್ಲಾಸ್ಟಿಕ್ ಬ್ಯಾಡ ಅಂತೀರಿ, ಪೇಪರೂ ಬ್ಯಾಡ ಅಂತೀರಿ, ಹಂಗೇ ಕೈಯಾಗ ಕೊಡ್ಲೇನು?" ಅಂದರು. ಅವರ ಮಾತಲ್ಲೂ ಅರ್ಥ ಇದೆ. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆಯಿತು. ಅದರ ಬದಲು ಸಣ್ಣ ಅಂಗಡಿಯವರು ಏನು ಬಳಸಬೇಕು ಅಂತ ಬಂದು ಹೇಳಿದವರು ಯಾರೂ ಇಲ್ಲ. ಮುತ್ತುಗದ ಎಲೆ ಇದೆಯಲ್ಲ, ಊಟದ ಎಲೆ ಹಚ್ಚುವುದು, ಅದರಲ್ಲಿ ಸುತ್ತಿ ಮೇಲೆ ಪೇಪರ್ ಸುತ್ತಿದರೂ ಸಾಕು. ಶಾಯಿ ತಿಂಡಿಗೆ ಮುಟ್ಟದಿದ್ದರೆ ಆಯಿತು. ಬಟರ್ ಪೇಪರ್ ಆದರೆ ಇನ್ನೂ ಸುಲಭ. ಅದಕ್ಕೆ 2 ರೂಪಾಯಿ ಜಾಸ್ತಿ ಇಟ್ಟರೂ ಕೊಡಲು ನಾನು ರೆಡಿ, ಪಕ್ಕದ ಟೇಬಲ್ ಹುಡುಗರೂ ಕೊಡುತ್ತೇವೆ ಅಂದರು. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನೋಡ್ತೀನಮ್ಮ, ಬಟರ್ ಪೇಪರ್ ರೇಟ್ ಕೇಳ್ತೀನಿ" ಅಂದರು. ಕೇಳುತ್ತಾರೆ ಅಂತ ನನಗೆ ನಂಬಿಕೆ ಇದೆ. ಇಷ್ಟು ಕಾಳಜಿಯಿಂದ ಬನ್ ಮಾಡುವವರಿಗೆ ಇದು ದೊಡ್ಡ ವಿಷಯ ಅಲ್ಲ.

ಆ ಎರಡು ಬರ್ಗರ್ ಬದಲು ಬೇರೆ ಮಾಡಿಕೊಟ್ಟರು, ದುಡ್ಡು ಬೇಡ ಅಂದರು. ನಾನು ಕೊಟ್ಟೇ ಬಂದೆ, ಚಿಕನ್ ಅವರ ಕೈಯಿಂದ ತಾನೇ ಹೋಗಿದ್ದು. ಪಕ್ಕದ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ ಕೊಂಡು ಅದರಲ್ಲಿ ಹಾಕಿಸಿದೆ. ಒಂದು ಮಾತು, ಡಬ್ಬಿ ಮುಚ್ಚಳ ಪೂರ್ತಿ ಬಿಗಿ ಮಾಡಬೇಡಿ. ಆವಿ ಒಳಗೇ ನಿಂತು ಬನ್ ಮೆತ್ತಗಾಗುತ್ತದೆ. ಸ್ವಲ್ಪ ಓರೆ ಇಡಿ. ಮನೆಗೆ ಹೋಗಿ ಒಣ ತವಾ ಮೇಲೆ ಅರ್ಧ ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಚಾರ್ಜ್ ಮುಗಿಯುತ್ತಿದೆ, ಹೊರಗೆ ಆಟೋದವರು ಹಾರ್ನ್ ಹೊಡೆಯುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕೌಲ್ ಬಜಾರ್‌ನಲ್ಲಿ ಭಟ್ಟಿ ಬನ್ ಬರ್ಗರ್ ಎಲ್ಲಿ ಅಂತ ಯಾವ ಟೈಲರ್‌ನ ಕೇಳಿದರೂ ದಾರಿ ತೋರಿಸುತ್ತಾರೆ. ಮಟನ್ ಬೇಕಾದರೆ ಐದು ಗಂಟೆ ಒಳಗೆ ಹೋಗಿ, ಆಮೇಲೆ ಎಗ್ ಮತ್ತು ಮಿರ್ಚಿ ಮಾತ್ರ ಉಳಿದಿರುತ್ತದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ಪಾರ್ಸೆಲ್ ಬೇಕಾದರೆ ಡಬ್ಬಿ ತಗೊಂಡೇ ಹೋಗಿ.